ಕಂಠದಾನ

ಉಪ್ಪಳದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಗೆ ಚೌಕಾಶಿ ಮಾಡುವಾಗ
ಬೆನ್ನ ಹಿಂದೆ ಹುಡುಗಿಯೊಬ್ಬಳು ಗೆಳತಿಗೆ ಹೇಳಿದಳು:
ನೋಡಲಿಕ್ಕೆ ಸರಸಿಜಳ ಹಾಗೇ.
ಅವರಲ್ಲ ಬಿಡು, ದನಿ ಬೇರೆ.

ಸರಿಯೇ. ದನಿ ಬೇರೆ.
ಎರಡು ಸಲ ರಾಜ್ಯದ್ದು,
ಒಮ್ಮೆ ಹೆಸರು ಹೇಳಲು ಬಾರದ ಯಾವುದೋ ಊರಿನದ್ದು,
ಮೂರೂ ಈ ಮುಖಕ್ಕೆ ಬಂದವು.
ಈ ಬಾಯಿ ತೆರೆದದ್ದಕ್ಕೆ, ಮುಚ್ಚಿದ್ದಕ್ಕೆ,
ಕೊಡ ಇಳಿಸಿ ಉಸಿರು ಬಿಟ್ಟದ್ದಕ್ಕೆ.
ಬಾಯಿಂದ ಹೊರಟ ಮಾತು ಮಾತ್ರ
ತಿರುವನಂತಪುರದ ಒಂದು ಕತ್ತಲೆ ಕೋಣೆಯಲ್ಲಿ
ತಂಕಮಣಿ ಎಂಬವಳು ನಿಂತು ಹೇಳಿದ್ದು.

ಕಂಠದಾನ ಎನ್ನುತ್ತಾರೆ ನಮ್ಮಲ್ಲಿ.
ಎಂಥ ಶಬ್ದ ಮಾರಾಯ್ರೇ,
ಗೋದಾನ ಭೂದಾನದ ಸಾಲಿನಲ್ಲಿ!
ಕೊಟ್ಟವಳಿಂದ ರಶೀದಿಗೆ ಸಹಿ ಹಾಕಿಸಿಕೊಂಡರೂ.

ಪೋಸ್ಟರಿಗೆ ಉದ್ದವಾಯಿತೆಂದು
ಸರಸಿಜಾಕ್ಷಿಯ ಅಕ್ಷಿ ಕಿತ್ತು ಹಾಕಿದಾಗ ಬೇಸರವಾಗಲಿಲ್ಲ.
ನಾಲಗೆಗೆ ಒಂದು ಅಕ್ಷರ ಬರುತ್ತಿರಲಿಲ್ಲ, ಅದು ಬೇಸರ.
ಅವರ ಮಳೆಯಲ್ಲಿ, ಅವರ ಹೊಳೆಯಲ್ಲಿ, ಅವರ ದಾರಿಯಲ್ಲಿ
ಅಂಗುಳಿಗೆ ತಾಗಿಯೂ ತಾಗದೆ ಹೊರಡುವ ಅದು
ನನಗೆ ಮಾತ್ರ ಚಂದ್ರಗಿರಿಯ ಈಚೆ ದಡದಲ್ಲೇ
ಕೂತುಬಿಡುತ್ತಿತ್ತು, ಕಡವಿಗೆ ಕಾಸಿಲ್ಲದವರ ಹಾಗೆ.
ಒಂದು ಕಾಲಕ್ಕೆ ನಮ್ಮದೂ ಆಗಿತ್ತಂತೆ.
ಹೈಸ್ಕೂಲಿನಲ್ಲಿ ಮಧ್ಯಸ್ಥ ಮಾಸ್ಟ್ರು
ಹಳಗನ್ನಡ ಪಾಠದ ದಿನ ಬೋರ್ಡಿನ ತುಂಬ ೞ ಬರೆದು,
ಇದು ಈಗ ಇಲ್ಲ, ಪರೀಕ್ಷೆಗೂ ಬರುವುದಿಲ್ಲ ಎಂದು
ಡಸ್ಟರಿನಿಂದ ಒರೆಸಿದ್ದರು.

ಪ್ರಶಸ್ತಿಯ ರಾತ್ರಿ ಮೈಕಿನ ಮುಂದೆ
ಎಲ್ಲರಿಗೂ ನಮಸ್ಕಾರ ಎಂದೆ, ಅವರ ಭಾಷೆಯಲ್ಲೇ.
ಸಭೆಯಲ್ಲಿ ಸಣ್ಣಗೆ ನಗು.
ಕೆಟ್ಟ ನಗುವಲ್ಲ.
ಅಪ್ಪನ ಚಪ್ಪಲಿ ಮೆಟ್ಟಿ ಮಗು ನಡೆದರೆ ನಗುತ್ತಾರಲ್ಲ, ಅಂಥದ್ದು.
ಆಮೇಲೆ ವೇದಿಕೆಗಳಲ್ಲಿ ಕೈ ಮುಗಿದು ಸುಮ್ಮನೆ ಕೂತೆ.
ಎಷ್ಟು ವಿನಯ, ಎಂದು ಬರೆದರು ಪತ್ರಿಕೆಯವರು.

ಹದಿನೇಳು ತಾಯಂದಿರು, ನಾಲ್ಕು ವಿಧವೆಯರು, ಒಬ್ಬಳು ಮೂಗಿ.
ಮೂಗಿ ಸಿಕ್ಕಿದ ದಿನ ಹೋಳಿಗೆ ಮಾಡಿದೆ:
ಇದರಲ್ಲಾದರೂ ಪೂರ್ತಿ ನಾನೇ.
ಅದಕ್ಕೆ ಏನೂ ಬರಲಿಲ್ಲ.
ಎಲ್ಲ ಇದೆ, ಏನೋ ಒಂದು ಕಡಿಮೆ, ಎಂದನಂತೆ
ತೀರ್ಪುಗಾರರಲ್ಲೊಬ್ಬ.

ಹೋದ ಆಟಿಯಲ್ಲಿ, ಪತ್ರಿಕೆಯ ಒಳಪುಟದಲ್ಲಿ,
ಬಂಗಾರದಂಗಡಿಯ ಜಾಹೀರಾತಿನ ಕೆಳಗೆ
ಒಂದಂಗುಲದ ಚಿತ್ರ. ತಂಕಮಣಿ, ಎಪ್ಪತ್ತೊಂದು ವರ್ಷ.
ಮುಖ ನೋಡಿದ್ದು ಅವತ್ತೇ ಮೊದಲು.
ದಪ್ಪ ಕನ್ನಡಕ. ಎಡಗೆನ್ನೆಯಲ್ಲಿ ಮಚ್ಚೆ.
ನಾನು ಹೆತ್ತಾಗ ನರಳಿದವಳು,
ನಾನು ಸತ್ತಾಗ ಕೊನೆಯ ಗುಟುಕು ನೀರು ಕೇಳಿದವಳು.
ಮೂವತ್ತು ವರ್ಷದಲ್ಲಿ ಒಂದು ಫೋನು ಮಾಡಿರಲಿಲ್ಲ ನಾನು.
ಮಾಡಿ ಹಲೋ ಎನ್ನುವುದಾದರೂ
ಯಾವ ದನಿಯಲ್ಲಿ?

ಚಾನೆಲ್ಲಿನ ಹುಡುಗ ಕರೆದ. ಮೇಡಂ, ಅವರ ಬಗ್ಗೆ ಎರಡು ಮಾತು.
ಬಾಯಿ ತೆರೆದೆ.
ಕೆಳಗೆ ಹೈವೇಯ ಹೊಸ ಗೋಡೆಗೆ ಕಾಂಕ್ರೀಟು ಸುರಿಯುತ್ತಿದ್ದರು,
ಆಚೆ ಸ್ಟೇಷನ್ನಿನಲ್ಲಿ ನಿಲ್ಲದ ಒಂದು ರೈಲು ಹೋಯಿತು.
ರೇಂಜಿಲ್ಲ ಎಂದುಕೊಂಡು ಅವನೇ ಇಟ್ಟ.

ರಾತ್ರಿ ಅದೇ ಚಾನೆಲ್ಲಿನಲ್ಲಿ ನನ್ನ ಮೊದಲ ಪ್ರಶಸ್ತಿಯ ಸಿನಿಮಾ.
ನನ್ನದು ಬಂದರೆ ನಾನು ಸೌಂಡು ತೆಗೆದು ನೋಡುವವಳು.
ಅವತ್ತು ಪೂರ್ತಿ ಏರಿಸಿ,
ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಕೂತೆ.

ದೋಣಿಯ ದೃಶ್ಯ. ಗಂಡನ ಹೆಣ ಹುಡುಕುವಾಗ
ಹೊಳೆ ಎನ್ನಬೇಕು, ಎನ್ನುವ ಮೊದಲು ಅವಳು
ಕೂದಲೆಳೆಯಷ್ಟು ತಡೆಯುತ್ತಾಳೆ.
ಆ ತಡೆಯನ್ನು ಅಭಿನಯದ ತುತ್ತತುದಿ ಎಂದಿದ್ದರು,
ಸನ್ಮಾನಪತ್ರದಲ್ಲೂ ಬರೆದಿದ್ದರು.

ಶೂಟಿಂಗಿನ ದಿನ, ಅಲ್ಲಿ, ಆ ಅಕ್ಷರಕ್ಕೆ
ನಾನು ಎಡವಿದ್ದೆ.
ನನ್ನ ತುಟಿ ಎಷ್ಟು ಹೊತ್ತು ಒದ್ದಾಡಿತೋ
ಅಷ್ಟೇ ಹೊತ್ತು, ಎಂದೂ ಎಡವದ ಅವಳು,
ಕತ್ತಲಲ್ಲಿ ಕಾದಿದ್ದಳು.